ಗುರ್ತಿನವರು

ದೇವಕಮ್ಮ ಆ ಸುಳ್ಳನ್ನು ಯೋಚಿಸಿ ಹೇಳಿದ್ದಲ್ಲ. ಫಿನ್ಲೆಂಡಿನ ತಾಂಪೆರೆ ಎಂಬ ಊರಿಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ವೆಬ್‌ಸೈಟುಗಳನ್ನು ಕಟ್ಟಿಕೊಡುವ ಸಣ್ಣ ಕಂಪನಿ ಅದು. ಎಲ್ಲರೂ ಒಂದೇ ಉದ್ದನೆಯ ಮೇಜಿನ ಸುತ್ತ ಕೂತು ಊಟ ಮಾಡುತ್ತಿದ್ದರು. ಪುಟಗಳ ವಿನ್ಯಾಸ ಮಾಡುವ ಪೀಯಾ ಎಂಬಾಕೆ ತನ್ನ ತಾಯಿ ಶಾಲೆಯ ಕೆಲಸದಿಂದ ನಿವೃತ್ತಳಾದ ಸುದ್ದಿ ಹೇಳುತ್ತ, "ನಿನ್ನ ಅಮ್ಮ ಏನು ಮಾಡುತ್ತಾರೆ?" ಎಂದು ಕೇಳಿದಳು. ದೇವಕಮ್ಮನ ಬಾಯಲ್ಲಿ ಕಪ್ಪು ಬ್ರೆಡ್ಡಿನ ತುಂಡಿತ್ತು. ಅದನ್ನು ನುಂಗಿದ ಮೇಲೆ ಹೊರಬಂದ ಮಾತು, "ಅವರೂ ಟೀಚರೇ."

"ಹೌದಾ!" ಪೀಯಾ ಮುಖ ಅರಳಿಸಿದಳು. "ಯಾವ ವಿಷಯ?"

"ಕನ್ನಡ. ನಮ್ಮ ಭಾಷೆ."

ಅಷ್ಟೇ. ಮಾತು ಬೇರೆ ಕಡೆ ಹೊರಳಿತು. ದೇವಕಮ್ಮನ ಕಿವಿ ಮಾತ್ರ ಬಹಳ ಹೊತ್ತು ಬಿಸಿಯಾಗಿಯೇ ಇತ್ತು.

ಅವಳ ತಾಯಿ ತಿಮ್ಮವ್ವ, ಯಾದಗಿರಿ ಕಡೆಯ ಹುಣಸಗಿಯಿಂದ ಕೆಂಭಾವಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನೆಲ್ಲು ಹಚ್ಚುವ, ಅಂದರೆ ಭತ್ತದ ಸಸಿ ನೆಡುವ, ಹೆಂಗಸರ ಗ್ಯಾಂಗಿಗೆ ಮುಂದಾಳು. ಕಾಲುವೆಗೆ ನೀರು ಬಿಟ್ಟರೆಂಬ ಸುದ್ದಿ ಬಂದ ಕೂಡಲೇ ಸುತ್ತಲಿನ ಗದ್ದೆಯವರು ಅವಳ ಮನೆಯ ಬಾಗಿಲಿಗೇ ಬರುತ್ತಿದ್ದರು. ಗಂಡ ಈಶಪ್ಪ ಕಾಲುವೆಯ ಗೇಟಿನ ಮೇಲೆ ದಿನಗೂಲಿಯಾಗಿದ್ದವನು, ದೇವಕಮ್ಮ ಶಹಾಪುರದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುವಾಗಲೇ ತೀರಿಕೊಂಡಿದ್ದ. ಆಮೇಲೆ ಮಗಳು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮುಗಿಸಿದ್ದು, ಪುಣೆಯಲ್ಲಿ ಕೆಲಸ ಹಿಡಿದದ್ದು, ಅಲ್ಲಿಂದ ಇಷ್ಟು ದೂರ ಬಂದದ್ದು ಎಲ್ಲವೂ ತಿಮ್ಮವ್ವ ಮೊಣಕಾಲುದ್ದ ಕೆಸರಿನಲ್ಲಿ ನಿಂತದ್ದರಿಂದ ಆದದ್ದು. ಇದು ದೇವಕಮ್ಮನಿಗೆ ಗೊತ್ತಿರಲಿಲ್ಲವೆಂದಲ್ಲ. ಒಬ್ಬಳೇ ಇದ್ದಾಗ ಅದನ್ನು ನೆನೆದು ಹೆಮ್ಮೆಪಡುತ್ತಲೂ ಇದ್ದಳು.

ಆದರೆ ಪುಣೆಯಲ್ಲಿ ಅವಳು ಬಾಯಿ ಬಿಗಿಹಿಡಿಯುವುದನ್ನು ಕಲಿತಿದ್ದಳು. ಅಲ್ಲಿ ಬಾಡಿಗೆ ಕೋಣೆ ಕೇಳಲು ಹೋದಾಗ ಮನೆಯೊಡತಿ ಮೊದಲು ತಂದೆ ಏನು ಮಾಡುತ್ತಿದ್ದರು ಎಂದಳು, ಆಮೇಲೆ ತಾಯಿ ಏನು ಮಾಡುತ್ತಾಳೆ ಎಂದಳು, ಕೊನೆಗೆ ಮನೆಯಲ್ಲಿ ಯಾವ ದೇವರ ಪಟವಿದೆ ಎಂದು ಕೇಳಿದಳು. ಬುದ್ಧನ ಪಟ ಎಂದು ಹೇಳಿದ ಮರುದಿನವೇ ಆ ಕೋಣೆ ಬೇರೆ ಯಾರಿಗೋ ಹೋಗಿತ್ತು. ತಾಯಿಯ ಕೆಲಸ ಕೇಳುವವರು ಅಲ್ಲಿಗೇ ನಿಲ್ಲುವುದಿಲ್ಲ ಎಂಬುದು ಅವಳ ಮೈಗೆ ಹತ್ತಿಹೋಗಿತ್ತು. ತಾಂಪೆರೆಯಲ್ಲಿ ಅಂಥ ಎರಡನೇ ಪ್ರಶ್ನೆ ಯಾರೂ ಕೇಳುವವರಿರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿಗೂ ಯಾರೂ ಬಂದು ಕೂರದ ಊರು. ಸುಳ್ಳು ಹೇಳುವ ಅಗತ್ಯವೇ ಇಲ್ಲದ ಜಾಗದಲ್ಲಿ ಹೇಳಿದೆನಲ್ಲ ಎಂಬುದೇ ಅವಳನ್ನು ಹೆಚ್ಚು ಚುಚ್ಚುತ್ತಿತ್ತು.

ಚುಚ್ಚಿದರೂ ತಿದ್ದಲಿಲ್ಲ. ದಿನಗಳು ಉರುಳಿದವು. ಆಫೀಸಿನಲ್ಲಿ ಎಲ್ಲರೂ ಅವಳನ್ನು 'ದೇವಾ' ಎನ್ನುತ್ತಿದ್ದರು. ಕೆಲಸದಲ್ಲಿ ಅವಳು ಗಟ್ಟಿ. ಫೋನಿನಲ್ಲಿ ಒಂದು ರೀತಿ, ಕಂಪ್ಯೂಟರಿನಲ್ಲಿ ಒಂದು ರೀತಿ ಕಾಣುವ ಪುಟ ಎಲ್ಲಿ ಹಾದಿ ತಪ್ಪಿದೆ ಎಂದು ಹುಡುಕಿ ಸರಿಮಾಡುವುದರಲ್ಲಿ ಅವಳಷ್ಟು ತಾಳ್ಮೆ ಇನ್ನಾರಿಗೂ ಇರಲಿಲ್ಲ. ಸಂಜೆ ಮನೆಗೆ ಬಂದು ಜೋಳದ ರೊಟ್ಟಿ ಮಾಡಿಕೊಳ್ಳುತ್ತಿದ್ದಳು. ಬಡಿಯುವ ಸದ್ದಿಗೆ ಕೆಳಗಿನ ಮನೆಯವರು ಏನಾದರೂ ಅಂದಾರೆಂದು ರೊಟ್ಟಿಯನ್ನು ಲಟ್ಟಿಸುತ್ತಿದ್ದಳು. ಕೆಳಗಿನ ಮನೆಯವರು ಒಂದು ದಿನವೂ ಏನೂ ಅಂದಿರಲಿಲ್ಲ.

ಎರಡನೇ ವರ್ಷ, ಅಲ್ಲಿಯ ಬೇಸಿಗೆಯಾದ ಜೂನ್ ತಿಂಗಳಲ್ಲಿ ಕಂಪನಿಗೆ ಹೊಸ ಕೆಲಸ ಬಂತು. ಹಲವು ದೇಶಗಳ ಹೊಲಗೆಲಸದ ಹೆಂಗಸರಿಗಾಗಿ ದೇಣಿಗೆ ಕೂಡಿಸುವ ಒಂದು ಸಂಸ್ಥೆಗೆ ವೆಬ್‌ಸೈಟ್ ಆಗಬೇಕಿತ್ತು. ಆ ಸಂಸ್ಥೆಯ ಫೋಟೋಗ್ರಾಫರ್ ಭಾರತಕ್ಕೆ ಹೊರಟಿದ್ದ. ಕಾಲುವೆ ನೀರಿನ ಭತ್ತದ ಗದ್ದೆಗಳನ್ನು ತೋರಿಸುವವರು ಯಾರಾದರೂ ಬೇಕೆಂದಾಗ ಪೀಯಾ, "ದೇವಾ ಅದೇ ಕಡೆಯವಳಲ್ಲವೇ?" ಎಂದಳು.

"ನನಗೆ ಗುರುತಿನ ಒಬ್ಬ ಡ್ರೈವರ್ ಇದ್ದಾನೆ," ಎಂದಳು ದೇವಕಮ್ಮ.

ಆ ಡ್ರೈವರ್ ಅವಳ ಒಡಹುಟ್ಟಿದ ತಮ್ಮ ಮೌನಪ್ಪ. ಹುಣಸಗಿ–ಸುರಪುರದ ನಡುವೆ ಜನರನ್ನು ಸಾಗಿಸುವ ಟಂಟಂ ಆಟೋ ಓಡಿಸುತ್ತಿದ್ದ. ಅವಳು ಆಫೀಸಿನ ಹೊರಗೆ, ಸೈಕಲ್ಲು ನಿಲ್ಲಿಸುವ ಕಡೆ ಹೋಗಿ ಅವನಿಗೆ ಫೋನ್ ಮಾಡಿದಳು.

"ಮೌನ್ಯಾ, ನಮ್ಮ ಆಫೀಸಿನ ಕಡಿಯಿಂದ ಒಬ್ಬಾಂವ ಫೋಟೋ ತೆಗಿಯಾಕ ಬರತಾನ. ನೆಲ್ಲು ಹಚ್ಚೋ ಗದ್ದಿ ತೋರಿಸಬೇಕು."

"ತೋರಿಸ್ತೀನಿ ತಗೋ ಅಕ್ಕ. ಮನಿಗೂ ಕರಕೊಂಡು ಬರತೀನಿ. ಅವ್ವ ರೊಟ್ಟಿ, ಪುಂಡಿಪಲ್ಯ ಮಾಡತಾಳ."

"ಮನಿಗೆ ಬ್ಯಾಡ." ಅವಳು ಸುತ್ತ ನೋಡಿದಳು, ಅಲ್ಲಿ ಕನ್ನಡ ತಿಳಿಯುವವರು ಯಾರೂ ಇರದಿದ್ದರೂ. "ನೀ ನನ್ನ ತಮ್ಮ ಅಂತ ಹೇಳಬ್ಯಾಡ. ಗುರ್ತಿನ ಡ್ರೈವರ್ ಅಂತ ಹೇಳೀನಿ."

ಆ ಕಡೆಯಿಂದ ಟಂಟಂನ ಇಂಜಿನ್ ಸದ್ದು ಮಾತ್ರ ಬಂತು.

"ಯಾಕ?"

"ಆಫೀಸಿನ್ಯಾಗ ರೂಲ್ಸ್ ಅದಾವ. ಮನಿಯವರಿಗೆ ಕೆಲಸ ಕೊಡಂಗಿಲ್ಲ."

"ಹಂಗಾ," ಎಂದ ಮೌನಪ್ಪ. "ಆಯ್ತ ತಗೋ."

ಅವನು ನಂಬಿದನೋ ಇಲ್ಲವೋ ಅವಳು ಯೋಚಿಸಲು ಹೋಗಲಿಲ್ಲ.

ಆಗಸ್ಟ್ ತಿಂಗಳ ಕೊನೆಗೆ ಫೋಟೋಗಳು ಬಂದವು. ಪೀಯಾ ಅವನ್ನು ದೊಡ್ಡ ಪರದೆಯ ಮೇಲೆ ಒಂದೊಂದಾಗಿ ತೋರಿಸುತ್ತಿದ್ದಳು. ಕಾಲುವೆಯ ದಂಡೆ, ಸಸಿಯ ಕಟ್ಟುಗಳು, ಎಮ್ಮೆ, ಗದ್ದೆಯ ನೀರಿನಲ್ಲಿ ಮೋಡ. ಆಮೇಲೆ ತಿಮ್ಮವ್ವ.

ಸೀರೆಯ ಮೇಲೆ ಈಶಪ್ಪನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಒಂದು ಕೈಯಲ್ಲಿ ಸಸಿ ಹಿಡಿದು, ಇನ್ನೊಂದು ಕೈಯನ್ನು ಕ್ಯಾಮೆರಾದ ಕಡೆಗೆ ಚಾಚಿ, ಬಾಯಿ ತೆರೆದು ಏನೋ ಹೇಳುತ್ತಿದ್ದಳು. ಹಿಂದೆ ಹಣಮಮ್ಮ, ಸಾಯಬಮ್ಮ ಮತ್ತು ಗ್ಯಾಂಗಿನ ಉಳಿದ ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದರು. ಮೌನಪ್ಪ ಬೇರೆ ಯಾವ ಗದ್ದೆಗೂ ಹೋಗದೆ ನೇರ ತಾಯಿಯ ಬಳಿಗೇ ಕರೆದೊಯ್ದಿದ್ದ. ಅಕ್ಕನ ಆಫೀಸಿನ ಕೆಲಸವೆಂದ ಮೇಲೆ ಅವ್ವನ ಫೋಟೋನೇ ಬರಬೇಕೆಂದು ಅವನಿಗೆ ಅನ್ನಿಸಿದ್ದಿರಬೇಕು.

"ಇವಳೇ," ಎಂದಳು ಪೀಯಾ. "ಮೊದಲ ಪುಟಕ್ಕೆ ಇವಳೇ. ಆ ಕೈ ನೋಡು, ಏನೋ ಬೇಡುತ್ತಿರುವ ಹಾಗಿದೆ."

ಅವಳು ನಗುತ್ತಿದ್ದ ಹೆಂಗಸರನ್ನು ಕತ್ತರಿಸಿ ತೆಗೆದಳು, ಆಕಾಶವನ್ನು ತುಸು ಕಪ್ಪಾಗಿಸಿದಳು. ನೋಡುನೋಡುತ್ತಿದ್ದಂತೆ ತಿಮ್ಮವ್ವ ಒಬ್ಬಂಟಿಯಾದಳು.

"ಹಿಂದಿನವರು ಇದ್ದರೂ ನಡೆಯುತ್ತಿತ್ತೇನೋ," ಎಂದಳು ದೇವಕಮ್ಮ.

"ಅವರಿದ್ದರೆ ನೋಡುವವರ ಕಣ್ಣು ಅತ್ತ ಹೋಗುತ್ತದೆ. ನಿನಗೇನನ್ನಿಸುತ್ತದೆ, ಚೆನ್ನಾಗಿದೆ ತಾನೇ?"

ಹೇಳಬೇಕಾದರೆ ಅದೇ ಗಳಿಗೆಯಲ್ಲಿ ಹೇಳಬೇಕಿತ್ತು. ಇದು ನನ್ನ ತಾಯಿ. ಮೂರೇ ಪದ. ಆದರೆ ಅದರ ಬೆನ್ನಿಗೇ ಟೀಚರ್ ಯಾರು, ಡ್ರೈವರ್ ಯಾರು ಎಂದು ಎಲ್ಲವೂ ಬಿಚ್ಚಿಕೊಳ್ಳುತ್ತಿದ್ದವು. ದೇವಕಮ್ಮ "ಚೆನ್ನಾಗಿದೆ" ಎಂದಳು.

ಸಂಸ್ಥೆಯವರು ಫೋಟೋದ ಕೆಳಗೆ ಹಾಕಲು ಒಂದು ಸಾಲು ಬರೆದು ಕಳಿಸಿದರು: 'ಇವಳ ಮಗಳೂ ಇದೇ ಕೆಸರಿನಲ್ಲಿ ನಿಲ್ಲಬೇಕೆ?' ಆ ಸಾಲನ್ನು ಪುಟದಲ್ಲಿ ಕೂರಿಸಿ, ಅಕ್ಷರದ ಗಾತ್ರ ನೋಡಿ, ಫೋನಿನ ಸಣ್ಣ ಪರದೆಯಲ್ಲೂ ಅದು ತಾಯಿಯ ಮುಖದ ಮೇಲೆ ಬೀಳದಂತೆ ಸರಿಪಡಿಸಿದ್ದು ದೇವಕಮ್ಮನ ಕೈಗಳೇ.

ಇನ್ನೊಂದು ಕೆಲಸ ಉಳಿದಿತ್ತು. ಕಣ್ಣು ಕಾಣದವರು ಪುಟ ತೆರೆದಾಗ ಕಂಪ್ಯೂಟರು ಅದನ್ನು ಓದಿ ಹೇಳುತ್ತದೆ. ಚಿತ್ರ ಬಂದಾಗ ಅದರಲ್ಲೇನಿದೆ ಎಂದು ಹೇಳಲು ಒಂದು ವಾಕ್ಯವನ್ನು ಒಳಗೆ ಬರೆದಿಡಬೇಕು. ಅದು ಪುಟ ಕಟ್ಟುವವರ ಕೆಲಸ. ದೇವಕಮ್ಮ ಬರೆದಳು: 'ಭತ್ತದ ಗದ್ದೆಯಲ್ಲಿ ಒಬ್ಬ ಬಡ ಹೆಂಗಸು.'

ಇಂಥ ಪುಟಗಳನ್ನು ಪರೀಕ್ಷಿಸುತ್ತಿದ್ದವನು ಎಸ್ಕೊ. ಹುಟ್ಟಿನಿಂದ ಕಣ್ಣು ಕಾಣದವನು, ಆಫೀಸಿನಲ್ಲಿ ಅವಳ ಎದುರಿಗೇ ಕೂರುತ್ತಿದ್ದ. ಅವನು ಕಿವಿಯಿಂದ ಹೆಡ್‌ಫೋನ್ ತೆಗೆದು ಕೇಳಿದ: "ದೇವಾ, ಬಡ ಎನ್ನುವುದು ಚಿತ್ರದಲ್ಲಿ ಹೇಗೆ ಕಾಣುತ್ತದೆ?"

ಅವನು ವ್ಯಂಗ್ಯವಾಡುತ್ತಿರಲಿಲ್ಲ. ನಿಜವಾಗಿಯೂ ತಿಳಿಯಲು ಕೇಳಿದ್ದ. ದೇವಕಮ್ಮನಿಗೆ ನೆಲ ಬಿರಿಯಬಾರದೇ ಎನ್ನಿಸಿತು.

"ತೆಗೆದುಬಿಡುತ್ತೇನೆ," ಎಂದು ಆ ಪದವನ್ನು ಅಳಿಸಿದಳು.

"ಅವಳು ಏನು ಮಾಡುತ್ತಿದ್ದಾಳೆ? ಬರೀ ನಿಂತಿದ್ದಾಳೆಯೇ?"

"ಏನೋ ಹೇಳುತ್ತಿದ್ದಾಳೆ."

"ಏನು?"

"ನನಗೆ ಗೊತ್ತಿಲ್ಲ," ಎಂದಳು. ಅದೊಂದು ಮಾತು ಮಾತ್ರ ನಿಜವಾಗಿತ್ತು.

ಡಿಸೆಂಬರಿನಲ್ಲಿ ವೆಬ್‌ಸೈಟ್ ಹೊರಬಂತು. ಆಫೀಸಿನಲ್ಲಿ ಕೇಕು ಕತ್ತರಿಸಿದರು. ಗೋಡೆಯ ಪರದೆಯ ಮೇಲೆ ತಿಮ್ಮವ್ವ ಕೈ ಚಾಚಿ ನಿಂತಿದ್ದಳು. ದೇವಕಮ್ಮ ಅವಳಿಗೆ ಬೆನ್ನು ಮಾಡಿ ಕೂತು ಕೇಕು ತಿಂದಳು.

ಜನವರಿಯಲ್ಲಿ ರಜೆ ಹಾಕಿ ಅವಳು ಊರಿಗೆ ಹೊರಟಳು. ಹೈದರಾಬಾದಿಗೆ ಇಳಿದು, ರೈಲು ಹಿಡಿದು ಯಾದಗಿರಿ ಸೇರುವುದು ರೂಢಿ. ಹಿಂದಿನ ಸಲ ಮೌನಪ್ಪ ಗೆಳೆಯನ ಕಾರು ತಂದು ಸ್ಟೇಷನ್ನಿನ ಮುಂದೆ ಕಾಯುತ್ತಿದ್ದ. ಈ ಸಲ ಫೋನ್ ಮಾಡಿದರೆ, "ಬಸ್ಸಿಗೆ ಬಾ, ಸುರಪುರದಾಗ ಇರತೀನಿ," ಎಂದಷ್ಟೇ ಹೇಳಿದ. ಶಹಾಪುರ ದಾಟುವಾಗ ಕಿಟಕಿಯಾಚೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡ ಸರಿದುಹೋಯಿತು. ಅವಳು ಎಳೆಯವಳಿದ್ದಾಗ ಅದರ ಮೂಗೆಲ್ಲಿ, ಬಾಯೆಲ್ಲಿ ಎಂದು ಅಪ್ಪ ತೋರಿಸುತ್ತಿದ್ದ. ಈಗ ಅವಳು ಅತ್ತ ನೋಡಿಯೂ ನೋಡದಂತೆ ಕೂತಿದ್ದಳು. ತಮ್ಮನ ದನಿಯೇ ತಲೆಯಲ್ಲಿ ಸುತ್ತುತ್ತಿತ್ತು.

ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಮೌನಪ್ಪ ಬ್ಯಾಗು ಎತ್ತಿ ಟಂಟಂನಲ್ಲಿಟ್ಟ. ಊರು ದಾಟಿದ ಮೇಲೆ ಎರಡೂ ಕಡೆ ನೀರು ನಿಂತ ಗದ್ದೆಗಳು ಶುರುವಾದವು. ಆ ವರ್ಷ ಎರಡನೇ ಬೆಳೆಗೂ ನೀರು ಬಿಟ್ಟಿದ್ದರು.

"ನಿಮ್ಮ ಫೋಟೋದಾಂವ ಲಿಂಕ್ ಕಳಿಸಿದ್ದ," ಎಂದ ಕೊನೆಗೆ, ಮುಂದೆ ನೋಡುತ್ತಲೇ. "ಅವ್ವನ ಫೋಟೋ ಅಷ್ಟು ದೊಡ್ಡದು ನೋಡಿ ಖುಷಿ ಆತು. ಹುಣಸಗಿಯಾಗ ಶರೀಫಸಾಬನ ಮೊಬೈಲ್ ದುಕಾನಕ್ಕ ಒಯ್ದೆ. ಅವ್ವನೂ ಬಂದಿದ್ಲು, ಹಣಮಮ್ಮ, ಸಾಯಬಮ್ಮ ಎಲ್ಲಾರೂ ಬಂದಿದ್ರು. ಕೆಳಗ ಏನು ಬರದಾರ ಓದು ಅಂದೆ."

ದೇವಕಮ್ಮ ಟಂಟಂನ ಕಂಬಿ ಹಿಡಿದುಕೊಂಡಳು.

"ಶರೀಫ ಫೋನಿನ್ಯಾಗೇ ಕನ್ನಡ ಮಾಡಿ ಓದಿದ. ಓದಿ ಸುಮ್ನಾದ. ಅವ್ವ, ಇನ್ನೊಮ್ಮೆ ಓದಪಾ ಅಂದ್ಲು. ಇನ್ನೊಮ್ಮೆ ಓದಿದ."

"ಅವ್ವ ಏನಂದ್ಲು?"

"ಏನೂ ಅನಲಿಲ್ಲ. ಹಣಮಮ್ಮ ಅಂದ್ಲು, ತಿಮ್ಮವ್ವಗ ಮಗಳಿಲ್ಲ ಅಂತ ತಿಳದಾರೇನು ಅಂತ."

ಮನೆಯಲ್ಲಿ ತಿಮ್ಮವ್ವ ಎಂದಿನಂತೆಯೇ ಇದ್ದಳು. ಬಿಸಿನೀರು ಕಾಯಿಸಿದ್ದಳು. ರೊಟ್ಟಿ ಬಡಿದು ಹಾಕಿದಳು, ಮೇಲೆ ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ. ಅಲ್ಲಿ ಚಳಿ ಬಹಳವೇ, ಮೈ ಇಳಿದಿದೆಯಲ್ಲ ಎಂದು ಕೇಳಿದಳು. ವೆಬ್‌ಸೈಟಿನ ಮಾತೇ ಎತ್ತಲಿಲ್ಲ. ದೇವಕಮ್ಮ ಎತ್ತಬೇಕೆಂದು ಬಾಯಿ ತೆರೆದಾಗಲೆಲ್ಲ ತಿಮ್ಮವ್ವ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಮರುದಿನ ಕೆಂಭಾವಿಯ ಸಂತೆ. ತಾಯಿಯ ಜೊತೆ ದೇವಕಮ್ಮನೂ ಹೋದಳು. ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತಿದ್ದ ಪಾರ್ವತೆಮ್ಮ ಎಂಬ ಮುದುಕಿ ತಿಮ್ಮವ್ವನಿಗೆ ಹಳೆಯ ಪರಿಚಯ, ಮಗಳನ್ನು ಮಾತ್ರ ಕಂಡವಳಲ್ಲ. ದೇವಕಮ್ಮನ ಜೀನ್ಸು, ಬೂಟು, ಕತ್ತರಿಸಿದ ಕೂದಲು ನೋಡಿ ಕೇಳಿದಳು: "ಇವರು ಯಾರವ್ವಾ ತಿಮ್ಮವ್ವ?"

ತಿಮ್ಮವ್ವ ಮೆಣಸಿನಕಾಯಿ ಮುರಿದು ಮೂಸುತ್ತ, ತಲೆಯೆತ್ತದೆ, "ಗುರ್ತಿನವರು," ಎಂದಳು.

"ಎಲ್ಲಿಯವರು?"

"ದೂರದವರು."

ಪಾರ್ವತೆಮ್ಮ ದೇವಕಮ್ಮನ ಕಡೆ ನೋಡಿ ನಗುತ್ತ, "ಬರ್ರಿ, ಕುಂದರ್ರಿ," ಎಂದು ಗೋಣಿಚೀಲ ಹಾಸಿದಳು. ದೇವಕಮ್ಮ ಕೂರಲಿಲ್ಲ. ನಾನು ಇವಳ ಮಗಳು ಎಂದು ಅವಳೇ ಹೇಳಬಹುದಿತ್ತು. ತಾಯಿ ಇಲ್ಲವೆಂದದ್ದನ್ನು ಹೌದೆನ್ನಲು ತನಗೆ ಯಾವ ಮುಖವಿದೆ ಎಂದು ನಿಂತೇ ಇದ್ದಳು.

ಟಂಟಂ ಹತ್ತಲು ರಸ್ತೆಗೆ ಬಂದು, ಒಂದು ಬೇವಿನ ಮರದ ನೆರಳಲ್ಲಿ ಕಾಯುತ್ತ ನಿಂತಾಗ ದೇವಕಮ್ಮ ಅಳಲು ಶುರುಮಾಡಿದಳು. ತಿಮ್ಮವ್ವ ಚೀಲ ಕೆಳಗಿಟ್ಟಳು.

"ಉರೀತೇನು?" ಎಂದಳು. "ನನಗೂ ಹಂಗಾ ಉರೀತು. ನಿನ್ನ ತಮ್ಮಗೂ. ಅವನು ಗುರ್ತಿನ ಡ್ರೈವರ್ ಅಂತ ಹೇಳಬೇಕಾತು, ನಿನ್ನ ಮಾತಿಗೆ."

"ತಪ್ಪಾತವ್ವ."

"ನಾ ಫೋಟೋಕ್ಕ ಸಿಟ್ಟಾಗಿಲ್ಲ. ಫೋಟೋ ಚಲೋ ಬಂದದ. ಅವತ್ತು ನಾ ಏನು ಹೇಳಾಕತ್ತಿದ್ದೆ, ಗೊತ್ತದ ಏನು ನಿನಗ?"

ದೇವಕಮ್ಮ ಇಲ್ಲವೆಂದು ತಲೆಯಾಡಿಸಿದಳು.

"ಆ ಗಡ್ಡದ ಹುಡುಗ ನಿಮ್ಮ ದೇಶದಾಂವ ಅಂತ ಮೌನ್ಯಾ ಹೇಳಿದ. ನನ್ನ ಮಗಳೂ ಅಲ್ಲೇ ಅದಾಳ ಅಂತ ಹೇಳೋ ಅವಗ, ಕಂಪ್ಯೂಟರ್ ಕೆಲಸ ಮಾಡತಾಳ ಅಂತ ಹೇಳೋ, ಅಂತ ಕೈ ಮಾಡಿ ಮಾಡಿ ಹೇಳಾಕತ್ತಿದ್ದೆ. ಮೌನ್ಯಾ ಹೇಳಲಿಲ್ಲ. ನೀ ಬ್ಯಾಡ ಅಂದಿದ್ದಿ. ಹಿಂದ ಹಣಮಮ್ಮ, ಸಾಯಬಮ್ಮ ನಗಾಕತ್ತಿದ್ರು, ಇಕಿ ಮಗಳ ಸುದ್ದಿ ಬಿಟ್ಟು ಬ್ಯಾರೆ ಮಾತಾಡಂಗಿಲ್ಲ ಅಂತ."

ಟಂಟಂ ಬಂದು ನಿಂತಿತು. ಒಳಗೆ ಜನ ತುಂಬಿದ್ದರು. ತಿಮ್ಮವ್ವ ಹತ್ತಿ ಕೂತು, ಪಕ್ಕದಲ್ಲಿ ಸರಿದು ಮಗಳಿಗೆ ಜಾಗ ಮಾಡಿಕೊಟ್ಟಳು.

ಆ ಮಧ್ಯಾಹ್ನವೇ ದೇವಕಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿಗೆ ಕರೆ ಮಾಡಿದಳು. ತಾಂಪೆರೆಯಲ್ಲಿ ಇನ್ನೂ ಬೆಳಗಿನ ಹೊತ್ತು. ಪರದೆಯಲ್ಲಿ ಪೀಯಾ, ಅವಳ ಹಿಂದೆ ಕಿಟಕಿಯಾಚೆ ಹಿಮ.

"ಮೊದಲ ಪುಟದ ಹೆಂಗಸು ನನ್ನ ತಾಯಿ," ಎಂದಳು ದೇವಕಮ್ಮ.

ಪೀಯಾ ನಕ್ಕಳು, ತಮಾಷೆಯೆಂದುಕೊಂಡು. ಆಮೇಲೆ ನಗು ನಿಲ್ಲಿಸಿದಳು. "ಆದರೆ ನಿನ್ನ ಅಮ್ಮ..."

"ಟೀಚರ್ ಅಲ್ಲ. ಯಾವತ್ತೂ ಆಗಿರಲಿಲ್ಲ. ಆ ಡ್ರೈವರ್ ನನ್ನ ತಮ್ಮ."

ಎಸ್ಕೊ ಪಕ್ಕದಲ್ಲೇ ಇದ್ದನೆಂದು ಕಾಣುತ್ತದೆ. ಅವನ ಕುರ್ಚಿ ಸರಿದ ಸದ್ದು ಕೇಳಿತು. ಕೊನೆಗೆ ಪೀಯಾ, "ಆ ಸಾಲನ್ನು ನೀನೇ ಕೂರಿಸಿದೆ. ನಾನು ನಿನ್ನನ್ನು ಚೆನ್ನಾಗಿದೆಯಾ ಎಂದು ಕೇಳಿದೆ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅದು ಕನಿಕರವಾಗಿರಲಿಲ್ಲ. ತನ್ನ ಕೈಯಿಂದ ಇಂಥ ಕೆಲಸ ಮಾಡಿಸಿದಳಲ್ಲ ಎಂಬ ಸಿಟ್ಟಿತ್ತು. ಆ ಸಿಟ್ಟು ನ್ಯಾಯವಾದದ್ದೆಂದು ದೇವಕಮ್ಮನಿಗೆ ಗೊತ್ತಿತ್ತು.

ಪೀಯಾಳಿಂದ ವಿಷಯ ತಿಳಿದು ಮರುದಿನ ಸಂಸ್ಥೆಯವರೇ ಪತ್ರ ಬರೆದರು. ಅವರಿಗೆ ಬೇಸರವಾಗಿರಲಿಲ್ಲ, ಉತ್ಸಾಹ ಬಂದಿತ್ತು. ಗದ್ದೆಯ ತಾಯಿ, ವೆಬ್‌ಸೈಟ್ ಕಟ್ಟಿದ ಮಗಳು, ಇದಕ್ಕಿಂತ ಒಳ್ಳೆಯ ಕಥೆ ಎಲ್ಲಿ ಸಿಗುತ್ತದೆ? ಇಬ್ಬರದೂ ಜೊತೆಯಲ್ಲಿ ಒಂದು ಫೋಟೋ, ನಾಲ್ಕು ಮಾತು ಕಳಿಸಿದರೆ ಹಳೆಯ ಸಾಲು ತೆಗೆದು ಇದನ್ನೇ ಹಾಕುತ್ತೇವೆ ಎಂದಿದ್ದರು.

ದೇವಕಮ್ಮನ ಮನಸ್ಸು ಒಂದು ಗಳಿಗೆ ಹಗುರಾಯಿತು. ಎಲ್ಲವೂ ಸರಿಹೋಗುವ ದಾರಿ ಕಂಡಂತಾಯಿತು. ತಾಯಿಯ ಬಳಿ ಓಡಿದಳು. ತಿಮ್ಮವ್ವ ಹಿತ್ತಲಲ್ಲಿ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಕೆಸರುನೀರಿಗೆ ಬೆರಳಸಂದಿಗಳು ಒಡೆದಿದ್ದವು.

ಎಲ್ಲ ಕೇಳಿದ ಮೇಲೆ ಅವಳು, "ಬ್ಯಾಡ," ಎಂದಳು.

"ಯಾಕವ್ವ? ಈ ಸಲ ಖರೇನೇ ಬರೀತಾರ."

"ಖರೇ ಅವತ್ತೇ ಹೇಳಿದ್ನಲ್ಲ. ಅವತ್ತು ಯಾರಿಗೂ ಬೇಕಾಗಲಿಲ್ಲ. ಈಗ ಚಂದ ಕಾಣತದ ಅಂತ ಬೇಕಾಗ್ಯಾದ." ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟಳು. "ನನ್ನ ಫೋಟೋ ತೆಗೆದುಬಿಡು ಅನ್ನು. ನಿನ್ನ ಕೈಲೆ ಆಗತದ ಇಲ್ಲ?"

"ಆಗತದ."

"ಮತ್ತ ತೆಗಿ."

ಸಂಸ್ಥೆಯವರಿಗೆ ಬರೆದು ಒಪ್ಪಿಸಲು ನಾಲ್ಕಾರು ದಿನ ಹಿಡಿಯಿತು. ಆಮೇಲೆ ಅದೇ ಕಟ್ಟೆಯ ಮೇಲೆ ಕೂತು, ಮೌನಪ್ಪನ ಫೋನಿನ ಇಂಟರ್ನೆಟ್ಟಿನಿಂದ, ದೇವಕಮ್ಮ ಮೊದಲ ಪುಟವನ್ನು ಬಿಚ್ಚಿದಳು. ತಾಯಿಯ ಚಿತ್ರ ತೆಗೆದಳು, ಸಾಲು ತೆಗೆದಳು, ಒಳಗಿದ್ದ ವಾಕ್ಯವನ್ನೂ ಅಳಿಸಿದಳು. ಆ ಜಾಗದಲ್ಲಿ ಕಾಲುವೆಯ ಫೋಟೋ ಬಂದು ಕೂತಿತು. ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಮೌನಪ್ಪ, "ಇಷ್ಟಾ?" ಎಂದ. "ಇಷ್ಟಾ," ಎಂದಳು. ಅವನು ಫೋನು ತಿರುಗಿ ಇಸಿದುಕೊಂಡು ಜೇಬಿಗಿಟ್ಟ. ಸ್ವಲ್ಪ ಹೊತ್ತಿನ ನಂತರ ಅವನೇ, "ಚಾ ಕುಡೀತಿ ಏನು ಅಕ್ಕ?" ಎಂದು ಕೇಳಿದ. ಬಂದಾಗಿನಿಂದ ಅವನು ಅಕ್ಕ ಎಂದದ್ದು ಅದೇ ಮೊದಲು. ದೇವಕಮ್ಮ ತಲೆ ಬಗ್ಗಿಸಿಕೊಂಡು ಹೂಂ ಎಂದಳು.

ಹೊರಡುವ ದಿನ ಗ್ಯಾಂಗಿಗೆ ಸುರಪುರದಾಚೆ, ಶಹಾಪುರದ ರಸ್ತೆಯಲ್ಲಿ ಕೆಲಸವಿತ್ತು. ದೇವಕಮ್ಮನ ಬ್ಯಾಗನ್ನು ಟಂಟಂನ ತಲೆಯ ಮೇಲೆ ಕಟ್ಟಿ, ಹೆಂಗಸರೆಲ್ಲ ಒಳಗೆ ತುರುಕಿಕೊಂಡು ಕೂತರು. ಅವಳು ಹಣಮಮ್ಮನ ತೊಡೆಗೂ ಸಾಯಬಮ್ಮನ ಬುತ್ತಿಗೂ ನಡುವೆ ಸಿಕ್ಕಿಕೊಂಡಿದ್ದಳು. ಹಣಮಮ್ಮ ಅವಳ ಕೆನ್ನೆ ಮುಟ್ಟಿ, "ಬೆಳ್ಳಗಾಗ್ಯಾಳ ನೋಡು," ಎಂದಳು. ಯಾರೂ ಫೋಟೋದ ಮಾತಾಡಲಿಲ್ಲ. ಅವರೆಲ್ಲ ಮಾತಾಡಬಾರದೆಂದು ಮೊದಲೇ ತಮ್ಮತಮ್ಮಲ್ಲಿ ಹೇಳಿಕೊಂಡಂತಿತ್ತು. ಬೈದಿದ್ದರೆ ಸಹಿಸಬಹುದಿತ್ತು, ಈ ಉಪಚಾರವನ್ನು ಸಹಿಸುವುದು ಕಷ್ಟವಾಯಿತು.

ಗದ್ದೆ ಬಂತು. ಹೆಂಗಸರು ಇಳಿದು ಬದುವಿನ ಮೇಲೆ ಸಾಲಾಗಿ ನಡೆದರು. ತಿಮ್ಮವ್ವ ಮಾತ್ರ ಹಿಂದೆ ಉಳಿದಳು.

"ಯಾದಗಿರಿ ತನ ಬರಂಗಿಲ್ಲ ನಾ. ಮಂದಿ ಕಾಯಾಕತ್ತಾರ."

"ಹೂಂ ಅವ್ವ."

"ಫೋನ್ ಮಾಡು."

"ಮಾಡತೀನಿ. ಯಾವಾಗಲೂ ಮಾಡೇ ಮಾಡತೀನಲ್ಲ."

"ಒಬ್ಬಾಕಿನೇ ಇದ್ದಾಗ ಮಾಡತಿ," ಎಂದಳು ತಿಮ್ಮವ್ವ. "ಹಿಂದ ಒಂದು ನರಪಿಳ್ಳಿ ಇರಂಗಿಲ್ಲ. ಖಾಲಿ ಗೋಡಿ, ಇಲ್ಲಂದ್ರ ಮೆಟ್ಲ. ನನಗೇನು ತಿಳಿಯಂಗಿಲ್ಲೇನು? ಮಂದಿ ಇದ್ದಾಗ ಮಾಡು."

ಸೀರೆ ಎತ್ತಿ ಕಚ್ಚೆ ಬಿಗಿದುಕೊಂಡು ಅವಳು ನೀರಿಗಿಳಿದಳು. ಮೌನಪ್ಪ ಟಂಟಂ ಚಾಲೂ ಮಾಡಿದ.

ತಾಂಪೆರೆಗೆ ಮರಳಿದ ಮೇಲೆ ಕೆಲಸವೇನೂ ಹೋಗಲಿಲ್ಲ. ಆದರೆ ಪೀಯಾ ಅವಳ ಜೊತೆ ಈಗ ಬಲು ವಿನಯದಿಂದ ಮಾತಾಡುತ್ತಿದ್ದಳು, ಕೆಲಸಕ್ಕೆ ಬೇಕಾದಷ್ಟೇ. ಹೊಸ ಪುಟವೊಂದನ್ನು ತೋರಿಸಿ ಚೆನ್ನಾಗಿದೆಯೇ ಎಂದು ಕೇಳುವಾಗ, ಉತ್ತರ ಬಂದ ಮೇಲೂ ದೇವಕಮ್ಮನ ಮುಖವನ್ನೊಮ್ಮೆ ನೋಡುತ್ತಿದ್ದಳು. ಒಮ್ಮೆ ಕಳೆದ ನಂಬಿಕೆಯನ್ನು ಅಷ್ಟು ಬೇಗ ಬಾ ಎಂದು ಕರೆಯಲಾಗುವುದಿಲ್ಲವೆಂದು ದೇವಕಮ್ಮ ಸುಮ್ಮನಿದ್ದಳು. ಕೆಲವು ದಿನ ಊಟದ ಹೊತ್ತಿಗೆ ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು. ಒಂದು ಮಂಗಳವಾರ, ಮೇಜಿನ ಸುತ್ತ ಎಲ್ಲರೂ ಇದ್ದಾಗ, ಕೂತಲ್ಲಿಂದಲೇ ವಿಡಿಯೋ ಕರೆ ಮಾಡಿದಳು.

ತಿಮ್ಮವ್ವ ಬದುವಿನ ಮೇಲೆ ಬುತ್ತಿ ಬಿಚ್ಚಿ ಕೂತಿದ್ದಳು. ಮಗಳ ಹಿಂದೆ ಅಷ್ಟೊಂದು ಮುಖಗಳನ್ನು ಕಂಡು ಮೊದಲು ಸೆರಗು ಸರಿಮಾಡಿಕೊಂಡಳು. ಆಮೇಲೆ ಗದ್ದೆಯ ಆ ದಂಡೆಗೆ ಕೇಳುವ ದನಿಯಲ್ಲಿ, "ಉಂಡೇನು?" ಎಂದು ಕೂಗಿದಳು.

ಊಟ ಮಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. ದೇವಕಮ್ಮನ ಮುಖಕ್ಕೆ ರಕ್ತ ನುಗ್ಗಿತು. ಇಷ್ಟೆಲ್ಲ ಆದ ಮೇಲೂ ನುಗ್ಗಿತಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು. ಅವಳು ತುಟಿಯಲ್ಲೇ "ಉಂಡೀನಿ" ಎಂದಳು.

"ಏನಂದಿ? ಕೇಳವಲ್ದು. ಜೋರಾಗಿ ಹೇಳು."

ಬೆನ್ನು ನೆಟ್ಟಗೆ ಮಾಡಿಕೊಂಡು, ದೇವಕಮ್ಮ ಜೋರಾಗಿ ಹೇಳಿದಳು: "ಉಂಡೀನಿ ಯವ್ವಾ!"